ಸರ್ವರ್ ಬಿದ್ದ ಕಾರಣ

ಸನ್ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಸೋಲಾರಿಸ್ 2.6ರ ತನಕ ಅವರ ಸರ್ವರ್ ಪ್ಯಾನಿಕ್ ಆಗಿ ಬಿದ್ದರೆ ಕಾರಣ ಸಾಮಾನ್ಯವಾಗಿ ಅದರ ಜೊತೆಗೇ ಹೋಗುತ್ತಿತ್ತು. ಬೀಳುವ ಮುನ್ನ ಕರ್ನೆಲ್ ತನ್ನ ಮೆಮೊರಿಯನ್ನು ಡಂಪ್ ಆಗಿ ಸ್ವಾಪ್ ಜಾಗದ ಕೊನೆಯಲ್ಲಿ ಬರೆದೇ ಬರೆಯುತ್ತಿತ್ತು. ಆ ಹೊತ್ತಿನಲ್ಲಿ ಫೈಲ್‌ಸಿಸ್ಟಮ್ಮನ್ನು ನಂಬುವಂತಿಲ್ಲವಲ್ಲ, ಅದಕ್ಕೇ ನೇರ ಡಿಸ್ಕಿಗೆ. ಮತ್ತೆ ಬೂಟ್ ಆಗುವಾಗ ಅದನ್ನು ಫೈಲಾಗಿ ಎತ್ತಿಡಬೇಕಾದದ್ದು ಸೇವ್‌ಕೋರ್. ಆದರೆ ಬೂಟ್ ಸ್ಕ್ರಿಪ್ಟಿನಲ್ಲಿ ಅದರ ಸಾಲುಗಳು ಕಮೆಂಟ್ ಆಗಿಯೇ ಬರುತ್ತಿದ್ದವು. ಹೊಸ ಯಂತ್ರ ಮಷಿನ್ ರೂಮಿಗೆ ಬಂದರೆ ಆ ಹ್ಯಾಶ್ ಗುರುತುಗಳನ್ನು ತೆಗೆಯುವುದು, ಕ್ರ್ಯಾಶ್ ಡೈರೆಕ್ಟರಿಗೆ ಜಾಗವಿದೆಯೇ ಎಂದು ನೋಡುವುದು ನನ್ನ ಮೊದಲ ಕೆಲಸವಾಗಿತ್ತು.

ಬೀಳದೆ ಹ್ಯಾಂಗ್ ಆಗಿ ನಿಂತ ಸರ್ವರಿನದು ಇನ್ನೂ ಕಷ್ಟ. ಪವರ್ ಆಫ್ ಮಾಡಿ ಎಂದು ಎಲ್ಲರೂ ಅವಸರಿಸುತ್ತಿದ್ದರು. ನಾವು ಸ್ಟಾಪ್-ಎ ಒತ್ತಿ, 'ಓಕೆ' ಪ್ರಾಂಪ್ಟಿನಲ್ಲಿ 'ಸಿಂಕ್' ಕೊಟ್ಟು, ಡಂಪ್ ಬರೆದು ಮುಗಿಯುವ ತನಕ ಯಾರನ್ನೂ ಸ್ವಿಚ್ ಮುಟ್ಟಗೊಡುತ್ತಿರಲಿಲ್ಲ.

ಆಮೇಲೆ ಓದುವ ಕೆಲಸ. ಎಡಿಬಿ ಎಂಬ ಡಿಬಗರಿನಲ್ಲಿ ಸೇವ್‌ಕೋರ್ ಎತ್ತಿಟ್ಟ ಯೂನಿಕ್ಸ್.0, ವಿಎಂಕೋರ್.0 ಎರಡನ್ನೂ ತೆರೆದು ಸ್ಟ್ಯಾಕನ್ನು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಸೋರ್ಸ್ ಕೋಡ್ ಕೈಯಲ್ಲಿಲ್ಲ. ಇದ್ದದ್ದು ಅಸೆಂಬ್ಲಿ ಮತ್ತು 1995ರಲ್ಲಿ ಕ್ರಿಸ್ ಡ್ರೇಕ್, ಕಿಂಬರ್ಲಿ ಬ್ರೌನ್ ಬರೆದ 'ಪ್ಯಾನಿಕ್!' ಪುಸ್ತಕ. ಕರ್ನೆಲ್ಲಿನ ಮೆಮೊರಿ ಹಂಚಿಕೆಯ ಕೆಮೆಮ್ ಡಿಬಗ್ ಫ್ಲ್ಯಾಗುಗಳನ್ನು ಮೊದಲೇ ಹಾಕಿಟ್ಟಿದ್ದರೆ, ಬಿಡುಗಡೆಯಾದ ಮೆಮೊರಿಯಲ್ಲಿ 'ಡೆಡ್‌ಬೀಫ್' ಎಂದು ಓದಿಸಿಕೊಳ್ಳುವ ಹೆಕ್ಸ್ ಸಂಖ್ಯೆ ತುಂಬಿರುತ್ತಿತ್ತು. ರಿಜಿಸ್ಟರಿನಲ್ಲಿ ಅದು ಕಂಡಿತೆಂದರೆ, ಹಿಂದಿರುಗಿಸಿದ ಮೆಮೊರಿಯನ್ನೇ ಯಾವುದೋ ಡ್ರೈವರ್ ಮತ್ತೆ ಬಳಸಿದೆ ಎಂದು ಅರ್ಥ. ಅಂಥ ಗಳಿಗೆಯ ಸಂತೋಷ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಸೋಲಾರಿಸ್ 7ರಲ್ಲಿ ಡಂಪ್‌ಅಡ್ಮ್ ಎಂಬ ಕಮಾಂಡ್ ಬಂದು ಸ್ಕ್ರಿಪ್ಟ್ ತಿದ್ದುವ ಕಾಟ ತಪ್ಪಿತು. 8ರಲ್ಲಿ ಎಂಡಿಬಿ ಎಂಬ ಹೊಸ ಡಿಬಗರ್ ಬಂತು. 2005ರಲ್ಲಿ ಓಪನ್‌ಸೋಲಾರಿಸ್ ಹೊರಬಂದಾಗ, ಸ್ಟ್ಯಾಕಿನಲ್ಲಿ ಹೆಸರಷ್ಟೇ ಗೊತ್ತಿದ್ದ ಫಂಕ್ಷನ್ನುಗಳ ಕೋಡನ್ನು ಕೊನೆಗೂ ಪಕ್ಕದಲ್ಲಿಟ್ಟುಕೊಂಡು ಓದಿದೆವು. ಅದೇ ವರ್ಷ ಲಿನಕ್ಸ್ 2.6.13ರಲ್ಲಿ ಕೆಡಂಪ್ ಸೇರಿತು. ಸಾಯುತ್ತಿರುವ ಕರ್ನೆಲ್ಲಿನ ಕೈಯಲ್ಲಿ ಬರೆಸುವ ಬದಲು, ಮೀಸಲಿಟ್ಟ ಮೆಮೊರಿಯಲ್ಲಿ ಎರಡನೆಯ ಕರ್ನೆಲ್ಲನ್ನು ಎಬ್ಬಿಸಿ ಅದರಿಂದ ಬರೆಸುವ ಉಪಾಯ ಅದು. ಅದನ್ನು ಕಟ್ಟಿದವರಲ್ಲಿ ಐಬಿಎಂನ ಭಾರತದ ಎಂಜಿನಿಯರುಗಳೂ ಇದ್ದರು ಎಂಬುದು ನನಗೆ ಇಂದಿಗೂ ಹೆಮ್ಮೆ.

ಈಗ ವರ್ಚುವಲ್ ಯಂತ್ರ ಬಿದ್ದರೆ ನಿಮಿಷಗಳಲ್ಲಿ ಇನ್ನೊಂದು ಏಳುತ್ತದೆ, ಬಿದ್ದದ್ದನ್ನು ಅಳಿಸಿಬಿಡುತ್ತಾರೆ. ಗ್ರಾಹಕರಿಗೆ ಅದು ಒಳ್ಳೆಯದೇ. ಆದರೆ ಅದನ್ನು ಬೀಳಿಸಿದ ಡ್ರೈವರ್ ಹೊಸ ಯಂತ್ರದಲ್ಲೂ ಇದೆ, ಅದನ್ನೂ ಒಂದು ದಿನ ಬೀಳಿಸುತ್ತದೆ. ಹಾಗಾಗಿ ಹೊಸಬರಿಗೆ ನಾನು ಪಟ್ಟುಹಿಡಿದು ಹೇಳುತ್ತೇನೆ: ಎರಡನೆಯ ಕರ್ನೆಲ್ಲಿಗೆ ಕ್ರ್ಯಾಶ್‌ಕರ್ನೆಲ್ ಮೆಮೊರಿ ಮೀಸಲಿಡಿ, ಸರ್ವರನ್ನು ಬಳಕೆಗೆ ಕೊಡುವ ಮುನ್ನ ಲಿನಕ್ಸಿನ ಸಿಸ್‌ರಿಕ್ವೆಸ್ಟ್ ಮೂಲಕ ನೀವೇ ಬೀಳಿಸಿ, ಡಂಪ್ ಬಂತೇ ನೋಡಿ. ಮೀಸಲು ಸಾಲದೆ ಎರಡನೆಯ ಕರ್ನೆಲ್ ಏಳದಿರುವುದು, ಡಿಸ್ಕ್ ತುಂಬಿ ಫೈಲು ಅರ್ಧಕ್ಕೇ ನಿಲ್ಲುವುದು ಗೊತ್ತಾಗುವುದು ಆಗಲೇ.