ಒಪ್ಪೋಲೆ ಮತ್ತು ಮರುಚರ್ಚೆ

ಸಂಶೋಧನೆಯಲ್ಲಿ ಪರಿಷ್ಕರಣವು ಹೊಸದೇನಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ, ಕೊಡಗಿನ ಶಾಸನಗಳದು, 1886ರಲ್ಲಿ ಹೊರಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಅದರ ಪರಿಷ್ಕೃತ ಆವೃತ್ತಿಯನ್ನು 1972ರಲ್ಲಿ ಪ್ರಕಟಿಸಿತು. ಇದರಿಂದ ರೈಸ್ ಅವರ ಗೌರವವೇನೂ ಕುಗ್ಗಲಿಲ್ಲ. ಆದರೆ ಸಂಪುಟಗಳಿಗೆ ದೊರೆತ ಈ ಭಾಗ್ಯ ನಿಯತಕಾಲಿಕೆಯ ಲೇಖನಗಳಿಗೆ ದೊರೆಯುವುದು ವಿರಳ.

ಕೆಲವು ವರ್ಷಗಳ ಹಿಂದೆ ಪತ್ರಿಕೆಯೊಂದರಲ್ಲಿ ಅಚ್ಚಾದ ಶಾಸನಪಾಠವನ್ನು ಕುರಿತು ನಾನು ಆಧಾರಸಹಿತ ಪ್ರತಿಕ್ರಿಯೆ ಬರೆದೆ. ‘ಮುಗಿದ ವಿಷಯ’ವೆಂಬ ಉತ್ತರ ಬಂದಿತು, ಚರ್ಚೆ ಆರಂಭವೇ ಆಗಿರಲಿಲ್ಲ. ಆ ಪಾಠ ಈಗ ಎರಡು ಪಿಎಚ್.ಡಿ. ಪ್ರಬಂಧಗಳಿಗೆ ಆಧಾರವಾಗಿದೆ.

ವಿಳಂಬದ ಪರಿಣಾಮಕ್ಕೆ ವೈದ್ಯಕೀಯ ಪತ್ರಿಕೆ ‘ದಿ ಲ್ಯಾನ್ಸೆಟ್’ ನಿದರ್ಶನ. 12 ಮಕ್ಕಳನ್ನು ಆಧರಿಸಿ, ಎಂ.ಎಂ.ಆರ್. ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂದು ಸೂಚಿಸಿದ ಲೇಖನವನ್ನು ಅದು 1998ರಲ್ಲಿ ಪ್ರಕಟಿಸಿತು. 2004ರಲ್ಲಿ 10 ಮಂದಿ ಲೇಖಕರು ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆಯು ಲೇಖನವನ್ನು ಪೂರ್ಣವಾಗಿ ಹಿಂಪಡೆದದ್ದು 2010ರಲ್ಲಿ. ಈ ನಡುವೆ ಬ್ರಿಟನ್ನಿನಲ್ಲಿ ಆ ಲಸಿಕೆ ಪಡೆಯುವ ಮಕ್ಕಳ ಪ್ರಮಾಣ ಕುಸಿದಿತ್ತು.

ಶಾಸನದ ಅಕ್ಷರವೊಂದರಿಂದ ಜೀವಹಾನಿಯಾಗದು, ನಿಜ. ಆದರೆ ಅದರಿಂದ ಊರಿನ ಹೆಸರೂ ದಾನಿಯ ಕುಲವೂ ಬದಲಾಗಬಲ್ಲವು. ಆದಕಾರಣ ಪ್ರತಿ ಸಂಚಿಕೆಯಲ್ಲೂ ಪ್ರತಿಕ್ರಿಯೆಗೆ ಕೆಲವು ಪುಟಗಳು ಮೀಸಲಾಗಬೇಕು. ಮೂಲಲೇಖಕರ ಉತ್ತರವೂ ಅಲ್ಲಿಯೇ ಬರಬೇಕು. ವಾರ್ಷಿಕ ಲೇಖನಸೂಚಿಯಲ್ಲಿ ಮೂಲಲೇಖನದ ಕೆಳಗೇ ತಿದ್ದುಪಡಿಯ ಪುಟಸಂಖ್ಯೆ ಇರಬೇಕು. ತಪ್ಪುಪಾಠವನ್ನು ಹುಡುಕಿ ಬಂದ ವಿದ್ಯಾರ್ಥಿಗೆ ಒಪ್ಪೋಲೆಯೂ ಅದೇ ಜಾಗದಲ್ಲಿ ಸಿಗುವಂತಾಗಬೇಕು.