ಚಿಲ್ಲರೆ ಬಿಟ್ಟ ಲೆಕ್ಕ

ಕಳೆದ ಫೆಬ್ರವರಿಯ ಒಂದು ಸಂಜೆ ನಮ್ಮ ಅಂಗಡಿಯ ಮುಂದೆ ಆರು ಮೂಟೆ ರೊಬಸ್ಟಾ ಚೆರ್ರಿ ಇಳಿಯಿತು. ತಂದವರು ಎರಡು ಎಕರೆ ತೋಟದ ಒಬ್ಬ ಅಕ್ಕ. ಅಬ್ಬ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ, "ಓಟಿ 26" ಎಂದರು. ಅಕ್ಕನ ಮುಖ ಸಣ್ಣಗಾಯಿತು. "ಬೆಳಿಗ್ಗೆ ಇನ್ನೊಂದು ಅಂಗಡೀಲಿ 27 ಅಂದಿದ್ರು ಸಾಹೇಬ್ರೆ. ನಿಮ್ಮ ಮೇಲೆ ನಂಬಿಕೆ ಅಂತ ಇಲ್ಲಿಗೆ ತಂದೆ."

ಓಟಿ ಎಂದರೇನೆಂದು ಆಲ್ದೂರಿನವರಿಗೆ ಹೇಳಬೇಕಾಗಿಲ್ಲ. ಬಯಲುಸೀಮೆಯಿಂದ ಬಂದು ಓದುತ್ತಿರುವ ಗೆಳತಿಯರಿಗಾಗಿ ಹೇಳುತ್ತೇನೆ: 50 ಕಿಲೋ ಒಣಗಿದ ಚೆರ್ರಿಯಲ್ಲಿ ಎಷ್ಟು ಕಿಲೋ ಬೇಳೆ ಸಿಗುತ್ತದೋ ಅದೇ ಔಟ್‌ಟರ್ನ್, ನಮ್ಮ ಬಾಯಲ್ಲಿ ಓಟಿ. ದರ ನಿಂತಿರುವುದು ಅದರ ಮೇಲೆ. ಮೊದಲು ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟ ಸಿಕ್ಕ ಮೇಲೆ ನಮ್ಮಂಥ ಅಂಗಡಿಗಳ ತಕ್ಕಡಿಯ ಮಾತೇ ಸಣ್ಣ ಬೆಳೆಗಾರರಿಗೆ ಕೊನೆಯ ಮಾತಾಯಿತು. ಆ ದಿನ ಪಾಯಿಂಟಿಗೆ 400 ರೂಪಾಯಿ ಇತ್ತು. 26ಕ್ಕೂ 27ಕ್ಕೂ ನಡುವೆ ಆರು ಮೂಟೆಗೆ 2400 ರೂಪಾಯಿ.

ಅಕ್ಕ ಹಣ ತೆಗೆದುಕೊಂಡು ಹೋದರು. ನನಗೆ ಊಟ ಸೇರಲಿಲ್ಲ. ಅಬ್ಬ ಮೋಸ ಮಾಡುವವರಲ್ಲ ಎಂದು ನನಗೆ ಗೊತ್ತು. ಆದರೆ "ನನಗೆ ಗೊತ್ತು" ಎನ್ನುವುದು ಪುರಾವೆಯಲ್ಲ ಎಂದು ಅದೇ ವಾರ ತರಗತಿಯಲ್ಲಿ ಕಲಿತಿದ್ದೆ. ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದ ಸ್ಟ್ಯಾಟಿಸ್ಟಿಕಲ್ ಇನ್ಫರೆನ್ಸ್ ಪಾಠ ನಡೆಯುತ್ತಿತ್ತು.

ಮೂಟೆಗಳು ಇನ್ನೂ ಗೋಡೌನ್‌ನಲ್ಲಿದ್ದವು. ಮರುದಿನ ಬೇರೆಬೇರೆ ಮೂಟೆಗಳಿಂದ, ಮೇಲಿನಿಂದಲೂ ತಳದಿಂದಲೂ, ನೂರು ನೂರು ಗ್ರಾಂನ ಎಂಟು ಸ್ಯಾಂಪಲ್ ತೆಗೆದೆ. ಬಂದ ಓಟಿ ಹೀಗಿತ್ತು: 26.2, 27.1, 26.6, 25.9, 26.8, 26.4, 27.0, 26.4. ಒಂದೇ ತೋಟ, ಒಂದೇ ಕಣದಲ್ಲಿ ಒಣಗಿದ ಮಾಲು, ಆದರೂ ಒಂದು ಹಿಡಿಯಂತೆ ಇನ್ನೊಂದಿಲ್ಲ. ಸರಾಸರಿ 26.55. ಟಿ ಕೋಷ್ಟಕ ನೋಡಿ 95 ಶೇಕಡಾ ಕಾನ್ಫಿಡೆನ್ಸ್ ಇಂಟರ್ವಲ್ ಕಟ್ಟಿದೆ: ಸುಮಾರು 26.2ರಿಂದ 26.9. ಈ ವಿಧಾನದಲ್ಲಿ ನೂರು ಸಲ ಇಂಟರ್ವಲ್ ಕಟ್ಟಿದರೆ ಸುಮಾರು 95 ಸಲ ನಿಜವಾದ ಸರಾಸರಿ ಅದರೊಳಗೆ ಸಿಕ್ಕಿಬೀಳುತ್ತದೆ, ಅಷ್ಟೇ ಅದರ ಅರ್ಥ. (ಪರೀಕ್ಷೆಯಲ್ಲಿ ಇದನ್ನು ತಪ್ಪಾಗಿ ಬರೆದು ಒಂದು ಅಂಕ ಕಳೆದುಕೊಂಡವಳು ನಾನು.)

ಈ ಟಿ ಪರೀಕ್ಷೆ ಹುಟ್ಟಿದ್ದೂ ವ್ಯಾಪಾರದ ಮನೆಯಲ್ಲೇ. ಡಬ್ಲಿನ್‌ನ ಗಿನ್ನೆಸ್ ಕಂಪನಿಯಲ್ಲಿ ಕೆಲಸಕ್ಕಿದ್ದ ಗಾಸೆಟ್ ಎಂಬವರು, ಬಾರ್ಲಿಯಂಥ ಮಾಲನ್ನು ನಾಲ್ಕೈದು ಸ್ಯಾಂಪಲ್ ನೋಡಿಯೇ ತೀರ್ಮಾನಿಸಬೇಕಾದಾಗ ಎಷ್ಟು ನಂಬಬಹುದು ಎಂದು ಲೆಕ್ಕ ಹಾಕಿ 1908ರಲ್ಲಿ ಪ್ರಕಟಿಸಿದರು. ಸ್ವಂತ ಹೆಸರು ಹಾಕದೆ "ಸ್ಟೂಡೆಂಟ್" ಎಂದು ಸಹಿ ಮಾಡಿದರು. ಆ ಹೆಸರು ನನಗೆ ಇಷ್ಟ.

ನನ್ನ ಲೆಕ್ಕದ ಪ್ರಕಾರ ಆ ಮಾಲಿನ ನಿಜವಾದ ಓಟಿ 26 ಆಗಿರುವುದೂ ಕಷ್ಟ, 27 ಆಗಿರುವುದೂ ಕಷ್ಟ. ಆದರೆ ಒಂದೇ ಒಂದು ಸ್ಯಾಂಪಲ್ ತೆಗೆದವರಿಗೆ 26 ಬರಬಹುದು, 27ಕ್ಕೂ ಬರಬಹುದು. ಹಾಗಾದರೆ ಅಬ್ಬನದು ತಪ್ಪಲ್ಲ, ಆಕಸ್ಮಿಕ! ಖುಷಿಯಿಂದ ಅಕ್ಕನ ಮನೆಗೆ ಹೋಗಿ ಕಾಗದ ತೋರಿಸಿದೆ. ಅವರು ಓದಿದ್ದು ನಾಲ್ಕನೇ ತರಗತಿ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಕಾಫಿ ಲೋಟ ಮುಂದಿಟ್ಟು ಹೇಳಿದರು: "ಅದೃಷ್ಟದ ಆಟ ಆದ್ರೆ ಒಂದೊಂದ್ಸಲ ನನ್ನ ಕಡೆಗೂ ಬೀಳ್ಬೇಕಲ್ಲ ಮಗಾ?"

ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು. ಅವರು ಕೇಳಿದ್ದು ಹೈಪಾಥಿಸಿಸ್ ಟೆಸ್ಟನ್ನೇ. ನಲ್ ಹೈಪಾಥಿಸಿಸ್: ಅಬ್ಬನ ಅಂಕಿ ಯಾವ ಕಡೆಗೂ ವಾಲಿಲ್ಲ. ಹಾಗಿದ್ದರೆ ಪ್ರತಿ ಲಾಟಿನಲ್ಲೂ ಇನ್ನೊಂದು ಸ್ಯಾಂಪಲ್ ತೂಗಿದಾಗ, ಅಬ್ಬ ಬರೆದದ್ದು ಅದಕ್ಕಿಂತ ಹೆಚ್ಚಾಗುವುದೂ ಕಡಿಮೆಯಾಗುವುದೂ ನಾಣ್ಯ ಚಿಮ್ಮಿದ ಹಾಗೆ ಸರಿಸಮ ಇರಬೇಕು.

ಮುಂದಿನ ಎರಡು ವಾರ ಬಂದ 14 ಲಾಟಿನಿಂದ ಅದೇ ದಿನ ಸಂಜೆ ನಾನೂ ಒಂದೊಂದು ಸ್ಯಾಂಪಲ್ ತೆಗೆದೆ. ತೂಗಿದ್ದು ತಮ್ಮ. ಅಬ್ಬ ಪುಸ್ತಕದಲ್ಲಿ ಏನು ಬರೆದಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಣ್ಣು ಮುಳ್ಳನ್ನು ತನಗೆ ಬೇಕಾದಲ್ಲಿ ಓದುತ್ತದೆ. 14ರಲ್ಲಿ 12 ಸಲ ಅಬ್ಬನ ಅಂಕಿ ಕಡಿಮೆ, ಎರಡು ಸಲ ಮಾತ್ರ ಹೆಚ್ಚು. ನಾಣ್ಯವನ್ನು 14 ಸಲ ಚಿಮ್ಮಿ ಎರಡು ಅಥವಾ ಅದಕ್ಕಿಂತ ಕಡಿಮೆ ಸಲ ರಾಜ ಬೀಳುವ ಸಂಭವ 16384ರಲ್ಲಿ 106. ಸಾವಿರಕ್ಕೆ ಆರೇಳು. ಎರಡೂ ಕಡೆ ಲೆಕ್ಕ ಹಿಡಿದರೂ ಸಾವಿರಕ್ಕೆ 13. ಪುಸ್ತಕದ ಐದು ಶೇಕಡಾ ಗೆರೆಯಿಂದ ಬಹಳ ಕೆಳಗೆ. ನಲ್ ಹೈಪಾಥಿಸಿಸ್ ಬಿತ್ತು. ಬಿದ್ದದ್ದು ನನ್ನ ಮನೆಯಲ್ಲಿ.

ಎರಡು ದಿನ ಸುಮ್ಮನಿದ್ದೆ. ವಾಲಿದೆ ಎಂದು ಟೆಸ್ಟ್ ಹೇಳುತ್ತದೆ, ಏಕೆ ವಾಲಿದೆ ಎಂದು ಹೇಳುವುದಿಲ್ಲ. ಮೂರನೆಯ ದಿನ ಅಬ್ಬ ತೂಗುವಾಗ ಪಕ್ಕದಲ್ಲಿ ನಿಂತೆ. ತಕ್ಕಡಿಯಲ್ಲಿ 53.6 ಗ್ರಾಂ. ಅಂದರೆ ಓಟಿ 26.8. ಪುಸ್ತಕದಲ್ಲಿ ಬರೆದದ್ದು 26.

"ಅಬ್ಬ, 0.8 ಎಲ್ಲಿ ಹೋಯ್ತು?"

"ಚಿಲ್ಲರೆ ಬಿಡೋದು ವ್ಯಾಪಾರದ ಪದ್ಧತಿ. ನಿನ್ನ ಅಜ್ಜನ ಕಾಲದಿಂದ ಇದೆ."

ನಾನು 14 ಲಾಟಿನ ಹಾಳೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಸಿಟ್ಟು ಬಂದಿತ್ತು, ಕಾಣುತ್ತಿತ್ತು. "ನನ್ನ ಹತ್ರಾನೂ ದೊಡ್ಡವರು ಬಿಡಿಸ್ಕೊಳ್ತಾರೆ, ಅದನ್ನ ಯಾರು ಟೆಸ್ಟ್ ಮಾಡ್ತಾರೆ?" ಎಂದವರೇ ಎದ್ದು ಹೋದರು. ಆ ರಾತ್ರಿ ಮಾತಿಲ್ಲ.

ಬೆಳಿಗ್ಗೆ ಒಂದು ಕವರ್ ಕೈಗಿಟ್ಟರು. ಅರ್ಧ ಪಾಯಿಂಟ್, ಆರು ಮೂಟೆ, 1200 ರೂಪಾಯಿ. "ಅಕ್ಕನಿಗೆ ಕೊಟ್ಟು ಬಾ. ಲೆಕ್ಕದಲ್ಲಿ ತಪ್ಪಾಗಿತ್ತು ಅನ್ನು." ಅಂದಿನಿಂದ ಲಾಟಿಗೆ ಮೂರು ಸ್ಯಾಂಪಲ್, ದಶಾಂಶ ಸಹಿತ ಸರಾಸರಿ. ಮಾಲು ಜೋರಾಗಿ ಬರುವ ದಿನ ಮೂರು ಎರಡಾಗುತ್ತದೆ, ನಾನು ನೋಡಿಯೂ ನೋಡದಂತೆ ಇರುತ್ತೇನೆ.

ಆದರೆ ಅಬ್ಬನ ಪ್ರಶ್ನೆ ಹಾಗೇ ಉಳಿದಿತ್ತು. ಹಳೆಯ ಚೀಟಿಗಳನ್ನು ಹುಡುಕಿದೆ. ಲೋಡ್ ಕಳಿಸುವ ಮುನ್ನ ಅಬ್ಬ ತಾವೇ ತೂಗಿ ಬರೆದಿಟ್ಟ ಅಂಕಿ ಐದು ಲೋಡಿಗೆ ಸಿಕ್ಕಿತು. (ಅಲ್ಲಿ ಮಾತ್ರ ದಶಾಂಶ ಬಿಟ್ಟಿರಲಿಲ್ಲ!) ದೊಡ್ಡ ಖರೀದಿದಾರರು ಕೊಟ್ಟ ಓಟಿ ನಾಲ್ಕರಲ್ಲಿ ಕಡಿಮೆ, ಒಂದರಲ್ಲಿ ಹೆಚ್ಚು. "ನೋಡಿದ್ಯಾ!" ಎಂದರು ಅಬ್ಬ. ಲೆಕ್ಕ ಹಾಕಿದೆ: ಐದು ನಾಣ್ಯದಲ್ಲಿ ನಾಲ್ಕು ಅಥವಾ ಐದು ರಾಜ ಬೀಳುವುದು 32ರಲ್ಲಿ ಆರು ಸಲ, ನೂರಕ್ಕೆ ಸುಮಾರು 19. ಇಷ್ಟಕ್ಕೇ ಅವರನ್ನು ದೂರಲಾಗದು. ಹಾಗೆಂದು ಅವರ ತಕ್ಕಡಿ ನೆಟ್ಟಗಿದೆ ಎಂದೂ ಅಲ್ಲ; ಐದು ಲೋಡಿಗೆ ಅದನ್ನು ಹೇಳುವ ಶಕ್ತಿಯಿಲ್ಲ.

ಅಬ್ಬ ಹೊಸ ನೋಟ್‌ಬುಕ್ ತಂದಿದ್ದಾರೆ. ಮೊದಲ ಪುಟದಲ್ಲಿ ಎರಡು ಕಾಲಂ ಗೆರೆ ಎಳೆದು ಕೊಟ್ಟಿದ್ದೇನೆ. ಈ ಜನವರಿಯಲ್ಲಿ ರೊಬಸ್ಟಾ ಕೊಯ್ಲು ಶುರುವಾಗುತ್ತದೆ.