ಮರಣದ ಲೆಕ್ಕ ಮತ್ತು ನ್ಯಾಸಾಪಹಾರ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೂಟಲೇಖಕ್ರಿಯೆ ಒಂದು, ನ್ಯಾಸಾಪಹಾರ ಮತ್ತೊಂದು. ಸುಳ್ಳು ಬರಹವನ್ನು ಸೃಷ್ಟಿಸುವುದು ಮೊದಲನೆಯದು. ಎರಡನೆಯದನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವ ರೀತಿ ಸೂಕ್ಷ್ಮವಾದುದು. ಒಬ್ಬನು ನಂಬಿ ಇಟ್ಟ ಹಣದ ಸಂಖ್ಯೆಯನ್ನು ತಾನೇ ಮರೆತು, ಇಟ್ಟದ್ದಕ್ಕಿಂತ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ನಿಜ ಸಂಖ್ಯೆಯನ್ನು ಬಲ್ಲವನಾದರೂ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುತ್ತಾನೆ. ಇಲ್ಲಿ ಯಾರೂ ಕಸಿದುಕೊಳ್ಳಲಿಲ್ಲ, ಜಗಳವೂ ನಡೆಯಲಿಲ್ಲ. ಕಡಿಮೆಯಾದ ಲೆಕ್ಕಕ್ಕೆ ಹೂಂಗುಟ್ಟಿದ್ದಷ್ಟೇ ದೋಷ.

ವ್ಯಾಪಾರವೇ ವೃತ್ತಿಯಾದ ಕುಟುಂಬಗಳಲ್ಲಿ ಈ ಮಾತು ಸಾಮಾನ್ಯವಾಗಿ ಅಂಗಡಿಯ ಖಾತೆಗೆ, ಒತ್ತೆಯ ಒಡವೆಗೆ ಸಂಬಂಧಿಸಿದಂತೆ ಚರ್ಚೆಯಾಗುತ್ತದೆ. 2020 ಮತ್ತು 2021ರ ಮಹಾಮಾರಿಯು ಅದನ್ನು ಬೇರೊಂದು ಖಾತೆಯ ಮುಂದೆ ತಂದು ನಿಲ್ಲಿಸಿತು. ಸತ್ತವರು ತಮ್ಮ ಲೆಕ್ಕವನ್ನು ತಾವೇ ಕೇಳಲು ಬಾರರು. ಅವರ ಮರಣದ ಸಂಖ್ಯೆಯೂ ಕಾರಣವೂ ಉಳಿದವರ ಕೈಯಲ್ಲಿ ಇಟ್ಟ ನ್ಯಾಸವೇ ಆಗಿವೆ. ಆ ನ್ಯಾಸವನ್ನು ಕುಟುಂಬ, ವೈದ್ಯ, ಸರ್ಕಾರ ಈ ಮೂವರೂ ಹೇಗೆ ಕಾಪಾಡಿದರು ಎಂಬುದು ನೀತಿಯ ಪ್ರಶ್ನೆ.

ಲೆಕ್ಕ ಹುಟ್ಟುವ ಕ್ರಮವನ್ನು ಮೊದಲು ತಿಳಿಯಬೇಕು. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂಥ ಊರಿನಲ್ಲಿ ಒಬ್ಬರು ಮನೆಯಲ್ಲಿ ತೀರಿಕೊಂಡರೆ, 1969ರ ಜನನ ಮರಣ ನೋಂದಣಿ ಕಾಯಿದೆಯಂತೆ 21 ದಿನಗಳೊಳಗೆ ಮನೆಯವರು ವರದಿ ಮಾಡಬೇಕು. ಆ ವರ್ಷಗಳಲ್ಲಿ ಹಳ್ಳಿಯ ನೋಂದಣಿಯ ಹೊಣೆ ಗ್ರಾಮಲೆಕ್ಕಾಧಿಕಾರಿಯದಾಗಿತ್ತು. ಅದೇ ಊರಿನವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ನೋಂದಣಿ ಬೆಂಗಳೂರಿನಲ್ಲಿಯೇ ಆಗುತ್ತದೆ. ಏಕೆಂದರೆ ಕಾಯಿದೆಯು ಮರಣ ಸಂಭವಿಸಿದ ಸ್ಥಳವನ್ನು ನೋಡುತ್ತದೆ, ವಾಸದ ಊರನ್ನಲ್ಲ. ಉಸಿರಾಟ ಕಷ್ಟವಾದಾಗ ಬೆಂಗಳೂರು, ಮಂಡ್ಯ, ಮೈಸೂರುಗಳ ಕಡೆಗೆ ಓಡಿದ ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಜನರಲ್ಲಿ ಮರಳಿ ಬಾರದವರ ಹೆಸರು ಸ್ವಂತ ಊರಿನ ಪುಸ್ತಕದಲ್ಲಿ ಇಲ್ಲದಿರುವುದಕ್ಕೆ ಇದೇ ಕಾರಣ. ಊರಿನ ಪುಸ್ತಕವನ್ನಷ್ಟೇ ನೋಡಿ ‘ನಮ್ಮಲ್ಲಿ ಹೆಚ್ಚು ಸಾವಾಗಲಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಮಾತಿನಿಂದ ಊರಿನ ನಷ್ಟ ತಿಳಿಯುವುದಿಲ್ಲ.

ಮರಣದ ಕಾರಣಕ್ಕೆ ವೈದ್ಯರು ತುಂಬುವ ಬೇರೆ ನಮೂನೆಯಿದೆ. ಅದರ ಮೊದಲ ಭಾಗದಲ್ಲಿ ಕಾರಣಗಳನ್ನು ಸರಪಳಿಯಂತೆ ಬರೆಯಬೇಕು: ಕೊನೆಗೆ ಉಸಿರಾಟ ಸೋತಿತು, ಅದಕ್ಕೆ ನ್ಯುಮೋನಿಯಾ ಕಾರಣ, ನ್ಯುಮೋನಿಯಾಕ್ಕೆ ಕೋವಿಡ್ ಮೂಲ. ಎರಡನೆಯ ಭಾಗದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ಜೊತೆಯ ವ್ಯಾಧಿಗಳು ಬರುತ್ತವೆ. ಲೆಕ್ಕಕ್ಕೆ ಹೋಗುವುದು ಸರಪಳಿಯ ತಳದಲ್ಲಿರುವ ಮೂಲಕಾರಣ. ‘ಹೃದಯ ನಿಂತುಹೋಯಿತು’ ಎಂದಷ್ಟೇ ಬರೆದರೆ ಏನನ್ನೂ ಹೇಳಿದಂತಾಗದು. ಯಾವ ಮರಣದಲ್ಲಿ ಹೃದಯ ನಿಲ್ಲುವುದಿಲ್ಲ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿಯೇ ಈ ಬಗ್ಗೆ ಮಾರ್ಗಸೂಚಿ ನೀಡಿತ್ತು. ಆದರೆ ಆ ವರ್ಷ ದೇಶದಲ್ಲಿ ನೋಂದಣಿಯಾದ ಮರಣಗಳಲ್ಲಿ ವೈದ್ಯರ ಪ್ರಮಾಣೀಕರಣ ದೊರೆತದ್ದು ಶೇಕಡಾ 22.5ಕ್ಕೆ ಮಾತ್ರ. ಮಿಕ್ಕವರ ಕಾರಣ ಮನೆಯವರು ಹೇಳಿದ್ದು, ಬರೆಯುವವರು ಬರೆದುಕೊಂಡದ್ದು.

ಮನೆಯವರು ಏನು ಹೇಳುತ್ತಾರೆ, ಏಕೆ ಹಾಗೆ ಹೇಳುತ್ತಾರೆ ಎಂಬುದಕ್ಕೆ ನಿದರ್ಶನವಾಗಿ ಬೈರಾಪಟ್ಟಣದ ಕಡೆಯ ಒಂದು ಮನೆಯನ್ನು ನೋಡಬಹುದು. 2021ರ ಮೇ ತಿಂಗಳಲ್ಲಿ ಆ ಮನೆಯ ಹಿರಿಯರಿಗೆ ಜ್ವರ ಬಂತು. ಐದನೆಯ ದಿನ ಉಸಿರು ಮೇಲೆ ಬಂತು. ಪರೀಕ್ಷೆ ಮಾಡಿಸೋಣವೆಂದು ಮಗಳು ಹೇಳಿದಳು. ಮಗನು ಬೇಡವೆಂದ. ರೋಗ ಖಚಿತವಾದರೆ ತಂದೆಯನ್ನು ಒಯ್ಯುತ್ತಾರೆ, ಮತ್ತೆ ಮುಖ ಕಾಣುವುದಿಲ್ಲ, ದೇಹವನ್ನೂ ಮನೆಗೆ ಕೊಡುವುದಿಲ್ಲ, ಊರಿನವರು ಬಾವಿಯ ಹತ್ತಿರಕ್ಕೂ ಸೇರಿಸುವುದಿಲ್ಲ ಎಂಬ ಭಯ ಅವನಲ್ಲಿತ್ತು. ಆ ಭಯ ಆಧಾರವಿಲ್ಲದ್ದೆಂದು ಹೇಳಲಾಗದು. ಅದೇ ಜೂನ್ ತಿಂಗಳ ಆರಂಭದಲ್ಲಿ, ವಾರಸುದಾರರು ಒಯ್ಯದೆ ಬೆಂಗಳೂರಿನಲ್ಲಿ ಉಳಿದಿದ್ದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಬೇಕಾಯಿತು. ಆರನೆಯ ದಿನ ಬೆಳಗಿನ ಜಾವ ಹಿರಿಯರು ಮನೆಯಲ್ಲಿಯೇ ಪ್ರಾಣಬಿಟ್ಟರು. ಮಗನು ವರದಿಯಲ್ಲಿ ಕಾರಣವನ್ನು ‘ಹೃದಯಾಘಾತ’ ಎಂದು ಹೇಳಿ ಬರೆಯಿಸಿದನು. ಯಾರೂ ಪ್ರಶ್ನಿಸಲಿಲ್ಲ.

ಇಂಥ ಮನೆಗಳು ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗಲೂ ಪ್ರತ್ಯೇಕ ಶಿಬಿರಗಳಿಗೆ ಹೆದರಿ ಜನ ರೋಗಿಗಳನ್ನು ಮರೆಮಾಚಿದರು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಮರಣದ ಲೆಕ್ಕದಲ್ಲಿ ಕಾಲರಾ, ಸಿಡುಬು, ಪ್ಲೇಗುಗಳಿಗೆ ಪ್ರತ್ಯೇಕ ಅಂಕಣಗಳಿದ್ದವು, ಇನ್‌ಫ್ಲುಯೆಂಜಾಕ್ಕೆ ಇರಲಿಲ್ಲ. ಹಳ್ಳಿಗಳಿಂದ ಬಂದ ವರದಿಗಳು ‘ಜ್ವರ’ ಎಂಬ ಒಂದೇ ಅಂಕಣದಲ್ಲಿ ಬಂದು ಬಿದ್ದವು. ದೇಶದಲ್ಲಿ ಸತ್ತವರು ಸುಮಾರು 60 ಲಕ್ಷವೆಂದು ಅಂದಿನ ಸರ್ಕಾರದ ಆರೋಗ್ಯಾಧಿಕಾರಿಗಳು ಮೊದಲು ಅಂದಾಜು ಮಾಡಿದರು. ಮುಂದಿನ ವಿದ್ವಾಂಸರ ಅಂದಾಜು 1.2 ಕೋಟಿಯಿಂದ 1.8 ಕೋಟಿಯವರೆಗೆ ಹೋಯಿತು. ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ 1911ರಲ್ಲಿ 25.21 ಕೋಟಿ ಇದ್ದದ್ದು 1921ರಲ್ಲಿ 25.13 ಕೋಟಿಗೆ ಇಳಿದಿತ್ತು. ಜನಗಣತಿ ಬಂದ ಮೇಲೆಯೇ ನಷ್ಟದ ಗಾತ್ರ ಕಂಡಿತು.

ನೂರು ವರ್ಷಗಳ ಬಳಿಕ ಅಂಕಣವಿತ್ತು, ಪರೀಕ್ಷೆಯೂ ಇತ್ತು. ಆದರೂ ಪ್ರಶ್ನೆ ತೀರಲಿಲ್ಲ. ದೇಶದ ಮೊದಲ ಕೋವಿಡ್ ಮರಣ ನಮ್ಮ ಕಲಬುರಗಿಯದು. ಆ 76 ವರ್ಷದ ವೃದ್ಧರು ತೀರಿಕೊಂಡದ್ದು 2020ರ ಮಾರ್ಚ್ 10ರಂದು; ರೋಗ ಖಚಿತವೆಂದು ಪ್ರಕಟವಾದದ್ದು 12ರಂದು. ನಡುವಿನ ಆ ಎರಡು ದಿನ ಅದು ಕೋವಿಡ್ ಮರಣವಾಗಿರಲಿಲ್ಲ. ಕರ್ನಾಟಕದ ದೈನಿಕ ಪ್ರಕಟಣೆಯಲ್ಲಿ ಕೋವಿಡ್ ಮರಣಗಳ ಪಕ್ಕದಲ್ಲಿ ಇನ್ನೊಂದು ಸಣ್ಣ ಸಂಖ್ಯೆಯೂ ಇರುತ್ತಿತ್ತು: ಸೋಂಕಿದ್ದರೂ ಆತ್ಮಹತ್ಯೆಯೇ ಮೊದಲಾದ ಅನ್ಯ ಕಾರಣಗಳಿಂದ ಸತ್ತವರು. ಆ ಸಂಖ್ಯೆ ಬಹುಕಾಲ 19 ಎಂದೇ ನಿಂತಿತ್ತು. ಸೋಂಕಿನೊಡನೆ ಸತ್ತವರು, ಸೋಂಕಿನಿಂದ ಸತ್ತವರು ಎಂಬ ಭೇದವನ್ನು ಅಲ್ಲಿ ಹಾಳೆಯ ಮೇಲೆಯೇ ಕಾಣಬಹುದಾಗಿತ್ತು. ಇಂಗ್ಲೆಂಡಿನಲ್ಲಿ ಸೋಂಕು ತಗುಲಿದವರು ಎಂದು ಸತ್ತರೂ ಅದನ್ನು ಕೋವಿಡ್ ಮರಣವೆಂದೇ ಎಣಿಸುತ್ತಿದ್ದರು. 2020ರ ಆಗಸ್ಟ್ 12ರಂದು ಪರೀಕ್ಷೆಯಿಂದ 28 ದಿನಗಳೊಳಗಿನ ಮರಣವನ್ನು ಮಾತ್ರ ಎಣಿಸಲು ನಿರ್ಧರಿಸಿದಾಗ ಬ್ರಿಟನ್ನಿನ ಪಟ್ಟಿಯಿಂದ ಒಂದೇ ದಿನ ಐದು ಸಾವಿರಕ್ಕೂ ಹೆಚ್ಚು ಹೆಸರು ಇಳಿದವು. ಬಿಹಾರದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. 2021ರ ಜೂನ್ 9ರಂದು ಲೆಕ್ಕ ಪರಿಶೀಲಿಸಿದಾಗ 3,951 ಮರಣಗಳು ಒಮ್ಮೆಲೇ ಸೇರಿದವು. ಸತ್ತವರ ಸಂಖ್ಯೆ ಎರಡು ಕಡೆಯೂ ಇದ್ದಷ್ಟೇ ಇತ್ತು. ಬದಲಾದದ್ದು ಎಣಿಸುವ ನಿಯಮ ಮತ್ತು ಎಣಿಸುವವರ ಶ್ರದ್ಧೆ.

ನಿಯಮ ಸರಿಯಿದ್ದರೂ ನಮೂನೆಯಲ್ಲಿ ಹಿಡಿಯದ ಕಾರಣಗಳಿವೆ ಎಂಬುದಕ್ಕೆ ಚಾಮರಾಜನಗರವೇ ಸಾಕ್ಷಿ. ರಾಜ್ಯದಲ್ಲಿ ಕೊನೆಯದಾಗಿ ಸೋಂಕು ಕಾಣಿಸಿಕೊಂಡ ಜಿಲ್ಲೆ ಅದು. ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 2021ರ ಮೇ 2 ಮತ್ತು 3ರ ನಡುವಣ 24 ಗಂಟೆಗಳಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರವೆಂದು ಸರ್ಕಾರ ಮೊದಲು ಹೇಳಿತು. ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯು ಆಮ್ಲಜನಕದ ಕೊರತೆಯನ್ನು ಎತ್ತಿ ತೋರಿಸಿತು. ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಉತ್ತರದಲ್ಲಿ, ಆಮ್ಲಜನಕದ ಕೊರತೆಯಿಂದಾದ ಮರಣಗಳನ್ನು ರಾಜ್ಯಗಳು ಪ್ರತ್ಯೇಕವಾಗಿ ವರದಿ ಮಾಡಿಲ್ಲವೆಂದಿತ್ತು. ಕಾಗದದ ಮಟ್ಟಿಗೆ ಅದು ನಿಜವೇ ಇರಬಹುದು. ನಮೂನೆಯ ಸರಪಳಿ ದೇಹದೊಳಗಿನ ರೋಗವನ್ನು ಕೇಳುತ್ತದೆ. ಬಾರದ ಸಿಲಿಂಡರನ್ನು ಕೇಳುವುದಿಲ್ಲ. ನಮೂನೆಯು ಕೇಳಲಿಲ್ಲವೆಂಬುದು ಆ ಕಾರಣ ಇರಲಿಲ್ಲವೆಂಬುದಕ್ಕೆ ಪುರಾವೆಯಾಗದು. ‘ಹೌದು, ಅಷ್ಟೇ’ ಎಂಬ ಮಾತಿನ ಅಪಾಯ ಇರುವುದು ಇಲ್ಲಿಯೇ.

ಒಟ್ಟು ಲೆಕ್ಕದಲ್ಲೂ ಇದೇ ಎಚ್ಚರ ಬೇಕು. 2021ರ ಕೊನೆಗೆ ದೇಶದ ಅಧಿಕೃತ ಕೋವಿಡ್ ಮರಣ 4.81 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ 5ರಂದು, ಎರಡು ವರ್ಷಗಳಲ್ಲಿ ಭಾರತದಲ್ಲಿ ಸಂಭವಿಸಿದ ಹೆಚ್ಚುವರಿ ಮರಣಗಳು ಸುಮಾರು 47 ಲಕ್ಷವೆಂದು ಅಂದಾಜಿಸಿತು. ಭಾರತ ಸರ್ಕಾರ ಆ ವಿಧಾನವನ್ನು ಒಪ್ಪಲಿಲ್ಲ. ದೇಶದ ಸ್ವಂತ ನೋಂದಣಿಯ ಪ್ರಕಾರ 2020ರಲ್ಲಿ ಸುಮಾರು 81 ಲಕ್ಷವಿದ್ದ ಮರಣಗಳು 2021ರಲ್ಲಿ ಸುಮಾರು 1.02 ಕೋಟಿಯಾದವು, ಈ ವಿವರ ಪ್ರಕಟವಾದದ್ದು 2025ರಲ್ಲಿ. ಆ ಹೆಚ್ಚಳವೆಲ್ಲ ಕೋವಿಡ್ ಎನ್ನುವುದು ತಪ್ಪು. ಹಿಂದೆ ನೋಂದಣಿಯಾಗದೆ ಹೋಗುತ್ತಿದ್ದ ಮರಣಗಳೂ ಈಗ ಪುಸ್ತಕಕ್ಕೆ ಬರುತ್ತಿವೆ, ಚಿಕಿತ್ಸೆ ಸಿಗದೆ ಸತ್ತ ಅನ್ಯರೋಗಿಗಳೂ ಅದರಲ್ಲಿದ್ದಾರೆ. ಆದರೆ ಆ ಹೆಚ್ಚಳಕ್ಕೆ ಏನೂ ಅರ್ಥವಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಬೈರಾಪಟ್ಟಣದ ಕಡೆಯ ಆ ಹಿರಿಯರು 4.81 ಲಕ್ಷದಲ್ಲಿ ಇಲ್ಲ, 1.02 ಕೋಟಿಯಲ್ಲಿ ಇದ್ದಾರೆ.

ಆ ಮನೆಗೆ ಪ್ರಶ್ನೆ ಮರಳಿ ಬಂದದ್ದು ಅದೇ ವರ್ಷದ ಕೊನೆಯಲ್ಲಿ. ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಕೊಡಬೇಕೆಂಬ ವ್ಯವಸ್ಥೆಯನ್ನು ಸರ್ವೋಚ್ಚ ನ್ಯಾಯಾಲಯ 2021ರ ಅಕ್ಟೋಬರ್ 4ರಂದು ಅಂಗೀಕರಿಸಿತ್ತು. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ಒಂದು ಲಕ್ಷ ರೂಪಾಯಿಯನ್ನು ರಾಜ್ಯ ಸರ್ಕಾರ ಮೊದಲೇ ಘೋಷಿಸಿತ್ತು. ಆಗ ಸಾರ್ವಜನಿಕರಿಗೆ ಕೊಡುವ ಮರಣಪತ್ರದಲ್ಲಿ ಕಾರಣವನ್ನು ತೋರಿಸಲು ಕಾಯಿದೆ ಅವಕಾಶ ಕೊಡುತ್ತಿರಲಿಲ್ಲವಾದ್ದರಿಂದ, ಪರಿಹಾರಕ್ಕೆ ಪರೀಕ್ಷೆಯ ವರದಿಯೋ ಆಸ್ಪತ್ರೆಯ ದಾಖಲೆಯೋ ಜಿಲ್ಲಾ ಸಮಿತಿಯ ಪತ್ರವೋ ಬೇಕಾಯಿತು. ಮನೆಯಲ್ಲಿಯೇ, ಪರೀಕ್ಷೆಯಿಲ್ಲದೆ ತೀರಿಕೊಂಡವರಿಗೆ ಇವು ಯಾವುವೂ ಇರಲಿಲ್ಲ. ಹಳೆಯ ದಿನಾಂಕದ ವರದಿಯೊಂದನ್ನು ‘ಮಾಡಿಸಿಕೊಡುವ’ ಮನುಷ್ಯನೊಬ್ಬ ಮಗನಿಗೆ ಸಿಕ್ಕಿದನು. ಸಾಲವಿದ್ದ ಮನೆ ಅದು. ಮಗನು ವಾದ ಹೂಡಿದನು: ಅಪ್ಪ ಸತ್ತದ್ದು ಆ ರೋಗದಿಂದಲೇ ಎಂದು ಊರಿಗೆಲ್ಲ ಗೊತ್ತು, ಕಾಗದ ಮಾತ್ರ ಸುಳ್ಳು, ಸಂಗತಿ ನಿಜ. ತಾಯಿ ಹೇಳಿದ್ದು ಒಂದೇ ಮಾತು: “ಅವತ್ತು ಇದ್ದದ್ದನ್ನ ಇಲ್ಲ ಅಂತ ಬರೆಸ್ದೆ. ಇವತ್ತು ಇಲ್ಲದ್ದನ್ನ ಇದೆ ಅಂತ ಬರೆಸ್ಬೇಡ ಕಣಪ್ಪ.”

ಆ ವಾದವನ್ನು ಹಗುರವಾಗಿ ಕಾಣಬಾರದು. ನಿಜವಾದ ಸಂಗತಿಗೆ ಸುಳ್ಳು ಕಾಗದವನ್ನು ಜೋಡಿಸುವುದು ಅತ್ಯಂತ ಮೋಹಕವಾದ ಕೂಟಲೇಖ. ಸುಳ್ಳು ಬೇಡಿಕೆಗಳ ದೂರುಗಳು ಹೆಚ್ಚಿದಾಗ, 2022ರ ಮಾರ್ಚ್‌ನಲ್ಲಿ ನಾಲ್ಕು ರಾಜ್ಯಗಳ ಅರ್ಜಿಗಳಲ್ಲಿ ಶೇಕಡಾ 5ರಷ್ಟನ್ನು ಪರಿಶೀಲಿಸಲು ಸರ್ವೋಚ್ಚ ನ್ಯಾಯಾಲಯ ಅನುಮತಿಸಿತು. ಒಂದು ಸುಳ್ಳು ವರದಿಯಿಂದ ನೂರು ನಿಜವಾದ ಅರ್ಜಿಗಳ ಮೇಲೆ ಸಂಶಯ ಬೀಳುತ್ತದೆ. ನ್ಯಾಸವಿಟ್ಟ ಇತರರಿಗೂ ಹಾನಿಯಾಗುತ್ತದೆ. ಆ ಮನೆಯವರು ಪರಿಹಾರಕ್ಕೆ ಅರ್ಜಿ ಹಾಕಲಿಲ್ಲ. ಆದರೆ ಮಗಳು ಮನೆಯ ಲೆಕ್ಕದ ಪುಸ್ತಕದಲ್ಲಿ ತಂದೆಯ ಹೆಸರಿನ ಕೆಳಗೆ ಬರೆದಿಟ್ಟಳು: ಆರು ದಿನ ಜ್ವರ, ಎರಡು ದಿನ ಉಸಿರಾಟದ ತೊಂದರೆ, ಪರೀಕ್ಷೆ ಮಾಡಿಸಲಿಲ್ಲ. ಅವರಿಗೆ ತಿಳಿದಿದ್ದುದು ಇಷ್ಟೇ. ತಿಳಿದಷ್ಟನ್ನು ಪೂರ್ಣವಾಗಿ ಬರೆದು, ತಿಳಿಯದ ಕಡೆ ಕೈ ತಡೆದ ಆ ಮೂರು ವಾಕ್ಯಗಳು ‘ಹೃದಯಾಘಾತ’ ಎಂಬ ಪದಕ್ಕಿಂತಲೂ ಕೊಂಡು ತರಬಹುದಾಗಿದ್ದ ವರದಿಗಿಂತಲೂ ಪ್ರಾಮಾಣಿಕವಾದುವು.

ಮರಣವನ್ನು ಹೆಸರಿಟ್ಟು ದಾಖಲಿಸುವುದು ಈ ನಾಡಿನ ಜೈನ ಪರಂಪರೆಗೆ ಪರಿಚಿತವಾದ ಕೆಲಸ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಕೊರೆಯಿಸಿದ ನಿಸಿದಿ ಶಾಸನಗಳು, ಯಾರು, ಯಾವ ವ್ರತದಿಂದ, ಹೇಗೆ ದೇಹ ತ್ಯಜಿಸಿದರೆಂಬುದನ್ನು ಒಬ್ಬೊಬ್ಬರದಾಗಿ ಹೇಳುತ್ತವೆ. ಮರಣಕ್ಕೆ ತಪ್ಪು ಹೆಸರು ಬಿದ್ದರೆ ಎಷ್ಟು ನೋವಾಗುತ್ತದೆಂಬುದನ್ನೂ ಸಮಾಜವು ಬಲ್ಲದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಸಂಥಾರಾವನ್ನು ಆತ್ಮಹತ್ಯೆಗೆ ಸಮಾನವೆಂದಾಗ ದೇಶದ ಎಲ್ಲೆಡೆ ಜೈನರು ಮೌನ ಮೆರವಣಿಗೆ ಮಾಡಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ತನ್ನವರ ಮರಣದ ಹೆಸರಿಗಾಗಿ ಅಷ್ಟು ಕಳಕಳಿ ತೋರಿದ ಸಮಾಜ, ಊರಿನ ಬಡವನ ಮರಣದ ಹೆಸರಿಗೂ ಅದೇ ಕಳಕಳಿ ತೋರುವುದು ಉಚಿತ.

ಬಸದಿಗಳ ಆಡಳಿತ ಮಂಡಳಿಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದಲ್ಲ, ಆದರೆ ನಿಶ್ಚಿತವಾದುದು. 2023ರ ತಿದ್ದುಪಡಿಯ ನಂತರ, ಆಸ್ಪತ್ರೆಯಲ್ಲಿ ಮರಣವಾದರೆ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಉಚಿತವಾಗಿ ಕೊಟ್ಟು, ಅದರ ಪ್ರತಿಯನ್ನು ಸಮೀಪದ ಬಂಧುವಿಗೂ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಅದನ್ನು ಕೇಳಿ ಪಡೆಯಬೇಕು, ಓದಬೇಕು. ಮನೆಯಲ್ಲಿ ಮರಣವಾದರೆ, ಕೊನೆಯ ದಿನಗಳಲ್ಲಿ ನೋಡಿದ ವೈದ್ಯರಿಂದ ಬರೆಯಿಸಬೇಕು. ವೈದ್ಯರೇ ಬಂದಿರದಿದ್ದರೆ ಎಷ್ಟು ದಿನ ಜ್ವರ, ಯಾವ ಲಕ್ಷಣ ಎಂಬುದನ್ನು ಇದ್ದಂತೆ ಹೇಳಬೇಕು. ದುಃಖದಲ್ಲಿರುವ ಮನೆಗೆ ಇದನ್ನು ತಿಳಿಸಿ, 21 ದಿನದೊಳಗೆ ನೋಂದಣಿಗೆ ಜೊತೆಯಲ್ಲಿ ಹೋಗಿಬರಲು ಒಬ್ಬ ಶ್ರಾವಕನನ್ನು ಗೊತ್ತುಪಡಿಸಿದರೆ ಸಾಕು. ರೋಗಿಯನ್ನು ಕಂಡು ಊರು ಬಾಗಿಲು ಮುಚ್ಚದಿರುವಂತೆ ನೋಡಿಕೊಳ್ಳುವುದೂ ಈ ಲೆಕ್ಕದ ಭಾಗವೇ. ಬೈರಾಪಟ್ಟಣದ ಕಡೆಯ ಆ ಮಗನಿಂದ ಸುಳ್ಳು ಹೇಳಿಸಿದ್ದು ದುರಾಸೆಯಲ್ಲ, ನೆರೆಹೊರೆಯ ಭಯ. ಭಯಪಡಿಸುವ ಊರಿಗೆ ಸತ್ಯವಾದ ಲೆಕ್ಕ ಸಿಗಲಾರದು.